ಅಣ್ಣನ ಹೆಸರಿನಲ್ಲಿ ಒಂಬತ್ತು ದಿನ

ಮಾಜಿ ಯೋಧರ ಕಚೇರಿಗೆ ಮೂವತ್ತೆಂಟು ಮೆಟ್ಟಿಲು. ಮೊದಲು ಎಂಟು ಹತ್ತಿ ನಿಲ್ಲಬೇಕು, ಆಮೇಲೆ ಆರಕ್ಕೊಮ್ಮೆ, ಕೊನೆಯ ಸುತ್ತಿನಲ್ಲಿ ಮೂರಕ್ಕೊಮ್ಮೆ. ನಾಲ್ಕು ತಿಂಗಳ ಓಡಾಟದಲ್ಲಿ ನಾದ್‌ಅಲಿ ಸೂರಿ ಕಂಡುಕೊಂಡದ್ದು ಇಷ್ಟು. ಲಿಫ್ಟಿನ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ ಅಂಟಿಸಿದ್ದರು. ಅದರ ಅಂಚು ಆಗಲೇ ಹಳದಿಯಾಗಿತ್ತು.

ಅವನಿಗೆ ಐವತ್ತನಾಲ್ಕು. ಬೊರೂಜೆರ್ದ್ ಊರಿನಲ್ಲಿ ಬಡಗಿ. ಈಚೆಗೆ ಗರಗಸ ಹಿಡಿದರೆ ಒಂದು ಹಲಗೆ ಕೊಯ್ಯುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಮನೆಯಲ್ಲಿ ಆಮ್ಲಜನಕದ ಯಂತ್ರ ಇಟ್ಟುಕೊಳ್ಳದಿದ್ದರೆ ಬರುವ ಚಳಿಗಾಲ ದಾಟುವುದು ಕಷ್ಟ ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಯಂತ್ರವನ್ನೂ ಔಷಧವನ್ನೂ ಈ ಕಚೇರಿಯೇ ಕೊಡುತ್ತದೆ. ಆದರೆ ಅದಕ್ಕೆ ಮೊದಲು, ಯುದ್ಧದಿಂದ ದೇಹಕ್ಕಾದ ಹಾನಿ ಶೇಕಡಾ ಎಷ್ಟು ಎಂದು ವೈದ್ಯರ ಮಂಡಳಿ ನಿಗದಿ ಮಾಡಬೇಕು. ಮಂಡಳಿಯ ಮುಂದೆ ನಿಲ್ಲಲು ಗಾಯವಾದ ಕಾಲದ್ದೇ ಆಸ್ಪತ್ರೆ ದಾಖಲೆ ಬೇಕು. ನಾಲ್ಕು ತಿಂಗಳಿಂದ ಅವನು ಹುಡುಕಿಸುತ್ತಿದ್ದದ್ದು ಅದನ್ನೇ.

“ಬನ್ನಿ ಹಾಜಿ, ಮೊದಲು ಕೂತ್ಕೊಳ್ಳಿ. ಉಸಿರು ಬರಲಿ,” ಎಂದರು ಮೂರನೆಯ ಕೌಂಟರಿನ ಬೈರನ್‌ವಂದ್ ಖಾನಂ. ನಾದ್‌ಅಲಿ ಮಕ್ಕಾ ಕಂಡವನಲ್ಲ. ಆ ಕಚೇರಿಯಲ್ಲಿ ತಲೆ ನರೆತವರೆಲ್ಲ ಹಾಜಿಗಳೇ.

“ಸಿಕ್ತಾ ಖಾನಂ?”

“ಸಿಕ್ಕಿದೆ.” ಆಕೆ ಪರದೆ ನೋಡುತ್ತ ಓದಿದರು. “ಫಾವ್ ಯುದ್ಧರಂಗ. ಅರವತ್ತನಾಲ್ಕನೇ ಇಸವಿ, ಬಹ್ಮನ್ ತಿಂಗಳ ಇಪ್ಪತ್ತೆಂಟು. ಸಾಸಿವೆ ಅನಿಲ. ಕಣ್ಣು, ಕಂಕುಳು, ಎದೆ. ಅಹ್ವಾಜ್‌ನಲ್ಲಿ ಒಂಬತ್ತು ದಿನ ಒಳರೋಗಿ.”

“ಅದೇ, ಅದೇ! ಒಂಬತ್ತು ದಿನಾನೂ ಕಣ್ಣಿಗೆ ಬಟ್ಟೆ ಕಟ್ಟಿದ್ರು. ಪಕ್ಕದ ಮಂಚದೋನ ಮುಖಾನೂ ನಾನು ನೋಡ್ಲಿಲ್ಲ.”

“ಹೆಸರು ಖೋದಾಮರಾದ್ ಸೂರಿ. ತಂದೆ ಸೆಫತ್‌ಅಲಿ.” ಆಕೆ ತಲೆಯೆತ್ತಿದರು. “ನೀವು ನಾದ್‌ಅಲಿ.”

“ಅದು ನಾನೇ ಖಾನಂ. ಖೋದಾಮರಾದ್ ನನ್ನಣ್ಣ.”

ಅವರ ಪಂಚಾಂಗದ ಅರವತ್ತನಾಲ್ಕು ಅಂದರೆ ಮೂವತ್ತೊಂಬತ್ತು ವರ್ಷ ಹಿಂದೆ, ಯುದ್ಧದ ಆರನೆಯ ಚಳಿಗಾಲ. ನಾದ್‌ಅಲಿಗೆ ಹದಿನೈದು. ಭರ್ತಿ ಮಾಡಿಕೊಳ್ಳುವವರು, ಮೀಸೆ ಬಂದ ಮೇಲೆ ಬಾ ಎಂದು ನಕ್ಕು ವಾಪಸು ಕಳಿಸಿದ್ದರು. ಅಣ್ಣನಿಗೆ ಹದಿನೇಳು, ಹೋಗುವ ಮನಸ್ಸಿರಲಿಲ್ಲ. ತಾಯಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಅಣ್ಣನ ಜನನಪತ್ರವನ್ನು ಕದ್ದು ಮರುದಿನ ನಾದ್‌ಅಲಿ ಖೋದಾಮರಾದ್ ಆಗಿ ಹೋದ. ಅವರ ಬೀದಿಯೊಂದರಿಂದಲೇ ಆ ವರ್ಷ ಹೀಗೆ ಹೋದವರು ಮೂವರು.

ಬೈರನ್‌ವಂದ್ ಖಾನಂ ಪೂರ್ತಿ ಕೇಳಿದರು. “ನಂಬ್ತೀನಿ ಹಾಜಿ. ವಾರಕ್ಕೊಬ್ಬರಾದ್ರೂ ಇಂಥೋರು ಬರ್ತಾರೆ. ಆವತ್ತು ನೀವೆಲ್ಲ ಪೆನ್ನಲ್ಲಿ ತಿದ್ಕೊಂಡು ಹೋಗ್ಬಿಟ್ರಿ. ಇವತ್ತು ತಿದ್ದೋಣ ಅಂದ್ರೆ ಈ ಕಂಪ್ಯೂಟರಲ್ಲಿ ಅದಕ್ಕೊಂದು ಗುಂಡೀನೇ ಇಲ್ಲ.”

“ಅಣ್ಣನ್ನೇ ಕರ್ಕೊಂಡ್ ಬಂದು ಹೇಳಿಸಿದ್ರೆ?”

“ಹೇಳಿಸ್ಬಹುದು. ನಾನು ಯುದ್ಧಕ್ಕೆ ಹೋಗಿಲ್ಲ ಅಂತ ಅವರು ಬರೆದುಕೊಟ್ರೆ, ಈ ದಾಖಲೆ ಸುಳ್ಳು ಅಂತ ರದ್ದಾಗುತ್ತೆ. ನಿಮ್ಮ ಹೆಸರಿಗೆ ಬರಲ್ಲ, ಬರೀ ರದ್ದಾಗುತ್ತೆ. ಆಮೇಲೆ ನೀವು ಹೊಸದಾಗಿ ಅರ್ಜಿ ಹಾಕ್ಬೇಕು.”

“ಹಾಕ್ತೀನಿ.”

“ಅದಕ್ಕೆ ಆ ಕಾಲದ ಆಸ್ಪತ್ರೆ ದಾಖಲೆ ಬೇಕು ಹಾಜಿ.”

ಆಕೆ ದನಿ ತಗ್ಗಿಸಿದರು: “ಇನ್ನೊಂದು ವಿಷ್ಯ. ಅಣ್ಣ ಈ ಕಾಗದದ ಮೇಲೆ ಏನಾದ್ರೂ ಪಡ್ಕೊಂಡಿದ್ರೆ, ಅದೂ ವಿಚಾರಣೆಗೆ ಹೋಗುತ್ತೆ.”

ಪಡೆದುಕೊಂಡಿದ್ದ. ಎಪ್ಪತ್ತನೆಯ ಇಸವಿಯಲ್ಲಿ ಮೇಷ್ಟ್ರ ಕೆಲಸ, ಯುದ್ಧರಂಗಕ್ಕೆ ಹೋಗಿಬಂದವರ ಮೀಸಲಿನಲ್ಲಿ. ಹಾಗೆ ಹೋಗಿಬಂದ ಪ್ರಮಾಣಪತ್ರವನ್ನು ಮನೆಗೆ ಒಯ್ದು ಕೊಟ್ಟವನು ನಾದ್‌ಅಲಿಯೇ. “ಪ್ರಾಣವೇ ನಿಂದು, ಈ ಕಾಗದ ಯಾವ ಲೆಕ್ಕ?” ಎಂದಿದ್ದ. ಏನನ್ನು ಕೊಡುವಾಗಲೂ ಅವರಲ್ಲಿ ಹಾಗೆನ್ನುವುದು ರೂಢಿ. ಅಣ್ಣನೂ ರೂಢಿಯಂತೆ ಮೂರು ಸಲ ಬೇಡವೆಂದು ನಾಲ್ಕನೆಯ ಸಲ ತೆಗೆದುಕೊಂಡ. ಆಗ ನಾದ್‌ಅಲಿಗೆ ಕೆಮ್ಮು ಶುರುವಾಗಿರಲಿಲ್ಲ.

ಆ ಶುಕ್ರವಾರ ಅಣ್ಣನ ಮನೆಗೆ ಹೋಗಿ, ದಾಖಲೆ ನಿನ್ನ ಹೆಸರಲ್ಲೇ ಇದೆ ಎಂದ. ನಿವೃತ್ತ ಗಣಿತ ಮೇಷ್ಟ್ರು ಖೋದಾಮರಾದ್ ಚಹಾದ ಲೋಟ ಕೆಳಗಿಟ್ಟು ಎದ್ದು ಕೋಟು ಹಾಕಿಕೊಂಡ.

“ನಡಿ. ನಾಳೆ ಬಾಗಿಲು ತೆಗೆಯೋ ಹೊತ್ತಿಗೆ ಅಲ್ಲಿರೋಣ. ಬರೆದುಕೊಡ್ತೀನಿ. ಪಿಂಚಣಿ ಹೋದ್ರೆ ಹೋಗ್ಲಿ.”

“ಕೂತ್ಕೋ ಅಣ್ಣ. ನೀನು ಬರೆದುಕೊಟ್ರೆ ನಿನ್ನ ಪಿಂಚಣೀನೂ ಹೋಗುತ್ತೆ, ನನ್ನ ಆಸ್ಪತ್ರೇನೂ ಹೋಗುತ್ತೆ.” ಖಾನಂ ಹೇಳಿದ್ದನ್ನೆಲ್ಲ ಅವನು ತಡೆತಡೆದು ಒಪ್ಪಿಸಿದ.

ಖೋದಾಮರಾದ್ ಕೋಟು ಬಿಚ್ಚಲಿಲ್ಲ. ಹಾಗೇ ಗೋಡೆಯ ದಿಂಬಿಗೆ ಒರಗಿ ಕೂತ. ಸಕ್ಕರೆಯ ತುಂಡೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡವನು ಚಹಾ ಕುಡಿಯುವುದನ್ನೇ ಮರೆತ.

“ಅಂದ್ರೆ, ಹೆಸರು ನಂದಿದೆ, ಎದೆ ನಿಂದಿದೆ,” ಎಂದ ಕೊನೆಗೆ. “ಎರಡೂ ಒಂದೇ ಮನುಷ್ಯನ ಮೇಲೆ ಬರ್ಬೇಕು. ಅಷ್ಟೇ ತಾನೆ?”

“ಅಷ್ಟೇ.”

“ಹಾಗಾದ್ರೆ ಅರ್ಜಿ ನಾನು ಹಾಕ್ತೀನಿ. ಮಂಡಳಿಗೆ ನೀನು ಹೋಗು. ನನ್ನ ಗುರುತಿನ ಕಾರ್ಡು, ನನ್ನ ಕನ್ನಡಕ. ಆ ಗಡ್ಡ ಬೋಳಿಸ್ಬಿಡು, ಮೇಕೆ ಥರ ಕಾಣ್ತೀಯ.”

“ಬೇಡಣ್ಣ, ಸಿಕ್ಕಿಬಿದ್ರೆ…”

“ಒಂದು ಸಲ ನನ್ನ ಹೆಸರು ಕದ್ಕೊಂಡು ಸಾಯೋಕೆ ಹೋಗಿದ್ದೆ. ಈಗ ನಾನೇ ಕೊಡ್ತಿದೀನಿ. ಬದುಕೋಕೆ ಹೋಗು.”

ಅರ್ಜಿ ಹಾಕಿದ್ದಕ್ಕೆ ಎರಡು ತಿಂಗಳ ಮೇಲೆ ದಿನಾಂಕ ಬಂತು. ಮಂಡಳಿ ಕೂರುವ ಊರಿಗೆ ಬಸ್ಸಿನಲ್ಲಿ ಹೋಗುತ್ತ ಅಣ್ಣ ಪಾಠ ಒಪ್ಪಿಸಿಕೊಂಡ.

“ಹುಟ್ಟಿದ ದಿನ?”

“ನಲವತ್ತೇಳು, ಮೆಹರ್ ತಿಂಗಳ ಮೂರು.”

“ಕೆಲಸ?”

“ಮೇಷ್ಟ್ರು. ಗಣಿತ.”

“ಹದಿಮೂರು ಹದಿನೇಳ್ಲಿ?”

“ಅದನ್ನೂ ಕೇಳ್ತಾರಾ?”

“ಇಲ್ಲ. ನನ್ನ ಮಾನ ಉಳಿಸ್ತೀಯೋ ಇಲ್ವೋ ಅಂತ ನೋಡ್ದೆ.”

ನಾದ್‌ಅಲಿಗೆ ನಗು ಬಂತು. ನಗು ಕೆಮ್ಮಾಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ಕಿಟಕಿ ಮುಚ್ಚಿದಳು.

ಮಂಡಳಿಯ ಹೊರಕೋಣೆಯಲ್ಲಿ ನಡುವಯಸ್ಸಿನ ಗುಮಾಸ್ತ ಕಾರ್ಡು ತೆಗೆದುಕೊಂಡ, ಮುಖ ನೋಡಿದ, ತಲೆಯಾಡಿಸಿದ. ಕೋಣೆಯ ಕೊನೆಯ ಬೆಂಚಿನ ಮೇಲೆ ಕೂತಿದ್ದ ಖೋದಾಮರಾದ್ ಪತ್ರಿಕೆ ಮಡಿಸಿದ. ಅಷ್ಟರಲ್ಲಿ ಗುಮಾಸ್ತ ಮೇಜಿನ ಕೆಳಗಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಯೊಂದನ್ನು ತೆಗೆದು ಮುಂದಕ್ಕೆ ತಳ್ಳಿದ. ಅದರ ನೆತ್ತಿಯಲ್ಲಿ ಗಾಜಿತ್ತು.

“ಬಲಗೈ ತೋರುಬೆರಳು ಇಡಿ ಹಾಜಿ.”

ಇದರ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ. ನಾದ್‌ಅಲಿ ಬೆರಳಿಟ್ಟ. ಕೆಂಪು ದೀಪ.

“ಒರೆಸ್ಕೊಂಡು ಇನ್ನೊಂದ್ಸಲ ಇಡಿ.” ಮತ್ತೆ ಕೆಂಪು. “ಗಾರೆ ಕೆಲಸದೋರಿಗೆಲ್ಲ ಹೀಗಾಗುತ್ತೆ, ಗೆರೆ ಸವೆದಿರ್ತವೆ. ನೀವೇನ್ ಕೆಲಸ ಮಾಡ್ತೀರಿ?”

“ಮರಗೆಲಸ,” ಎಂದಿತು ನಾದ್‌ಅಲಿಯ ಬಾಯಿ.

ಗುಮಾಸ್ತ ಕಡತ ನೋಡಿದ. ಕೈ ನೋಡಿದ: ಉಗುರಿನ ಸಂದಿಯಲ್ಲಿ ಹಳೆಯ ಮೆರುಗೆಣ್ಣೆ, ಎಡಗೈ ಹೆಬ್ಬೆರಳಿಗೆ ಉಳಿಯ ಗಾಯ. ಆಮೇಲೆ ಬೆಂಚಿನ ಕಡೆ ನೋಡಿದ. ಅಲ್ಲೂ ಅದೇ ಮೂಗು. ಪೆನ್ನು ಕೆಳಗಿಟ್ಟು ಮೆಲ್ಲಗೆ ಹೇಳಿದ:

“ಮೂರು ಸಲ ಮಾತ್ರ ಬಿಡುತ್ತೆ ಇದು. ಎರಡಾಯ್ತು. ಮೂರನೇದೂ ಕೆಂಪಾದ್ರೆ ತಾನಾಗೇ ಮೇಲಕ್ಕೆ ವರದಿ ಹೋಗುತ್ತೆ, ನನ್ನ ಕೈಲಿಲ್ಲ. ನಾನು ಏನನ್ನೂ ನೋಡಿಲ್ಲ. ಕಾರ್ಡು ಯಾರದೋ ಅವರೇ ಬಂದು ಇಡಲಿ.”

ನಾದ್‌ಅಲಿಗೆ ಕೆಮ್ಮು ಬಂತು. ಬಗ್ಗಿ ಮೇಜು ಹಿಡಿದುಕೊಂಡ. ತಲೆಯೆತ್ತುವ ಹೊತ್ತಿಗೆ ಅಣ್ಣ ಪಕ್ಕದಲ್ಲಿದ್ದ. ಅವನ ಬೆರಳು ಗಾಜಿನ ಮೇಲಿತ್ತು. ಹಸಿರು ದೀಪ ಹತ್ತಿತು.

ಒಳಗಿನ ಬಾಗಿಲು ತೆರೆದು ಬಿಳಿ ಕೋಟಿನ ಹೆಂಗಸೊಬ್ಬಳು ಕೂಗಿದಳು: “ಖೋದಾಮರಾದ್ ಸೂರಿ!”

“ಒಳಗೆ ಹೋಗಿ ನಾನೇನೋ ಮಾಡ್ಲಿ?” ಎಂದ ಅಣ್ಣ.

“ಉಸಿರು ಅಳೀತಾರೆ. ಊದು,” ಎಂದ ನಾದ್‌ಅಲಿ. “ಹೋಗು, ಆ ಗುಮಾಸ್ತ ನೋಡ್ತಿದಾನೆ.”

ಬಾಗಿಲು ಮುಚ್ಚಿತು. ತೆಳು ಪ್ಲೈವುಡ್ಡು, ಒಳಗೆ ಟೊಳ್ಳು. ಎಲ್ಲ ಕೇಳಿಸುತ್ತಿತ್ತು. ಕುರ್ಚಿ ಎಳೆದ ಸದ್ದು, ಮೂಗಿಗೆ ಕ್ಲಿಪ್ ಹಾಕುವ ಮಾತು. ಮೆಲ್ಲಗೆ ಊದಿದ ಸದ್ದು. ಆಮೇಲೆ ಹೆಂಗಸಿನ ದನಿ:

“ಮೇಷ್ಟ್ರೇ, ಬೇಕಂತ ಮೆಲ್ಲಗೆ ಊದ್ಬೇಡಿ. ಯಂತ್ರಕ್ಕೆ ಗೊತ್ತಾಗುತ್ತೆ. ಇನ್ನೊಂದ್ಸಲ.”

ಮತ್ತೆ ಅದೇ ಸಣ್ಣ ಸದ್ದು.

“ಮೆಲ್ಲಗೆ ಬೇಡ ಅಂದ್ನಲ್ಲ! ಕೊನೇ ಸಲ. ಹೂಂ, ಊದಿ, ಊದಿ, ಇನ್ನೂ, ಇನ್ನೂ…”

ಬೆಂಚಿನ ಮೇಲೆ ನಾದ್‌ಅಲಿ ತನಗರಿವಿಲ್ಲದೆ ತಾನೂ ಊದತೊಡಗಿದ್ದ. ಎರಡು ಎಣಿಸುವಷ್ಟರಲ್ಲಿ ಅವನ ಉಸಿರು ಮುಗಿಯಿತು. ಒಳಗೆ ಅಣ್ಣನ ಗಟ್ಟಿ ಎದೆ ಇನ್ನೂ ಊದುತ್ತಲೇ ಇತ್ತು.