ಮಗ ನುಂಗಿದ ಪ್ರಶ್ನೆ

ಮೂರು ತಿಂಗಳಿಂದ ಅನಸೂಯಮ್ಮ ದೇವರ ಕೋಣೆಗೆ ಕಾಲಿಟ್ಟಿರಲಿಲ್ಲ. ಅಮೆರಿಕದ ಸಮಾಮಿಶ್ ಊರಿನಲ್ಲಿರುವ ಮಗನ ಮನೆಗೆ ಬಂದಾಗಿನಿಂದ ದಿನಾ ಸ್ನಾನ ಮಾಡಿ, ದೇವರ ಮುಂದೆ ಕೂತು ರಾಗವಾಗಿ ಪಾರಾಯಣದ ಒಂದು ಸಂಧಿ ಓದಿದ ಮೇಲೇ ಕಾಫಿ ಕುಡಿಯುತ್ತಿದ್ದ ಹೆಂಗಸು. ಸೊಸೆ ನವ್ಯಾ ಯಾಕೆಂದು ಕೇಳಿದರೆ, “ಮಂಡಿ ನೋವು ಕಣೇ, ಕೆಳಗೆ ಕೂರಕ್ಕಾಗಲ್ಲ” ಎಂದುಬಿಟ್ಟರು.

“ಮಂಡಿ ನೋವಿರೋರು ದಿನಕ್ಕೆ ಇಪ್ಪತ್ತು ಸಲ ಮೆಟ್ಟಿಲು ಹತ್ತಿಳೀತಾರಾ ಅತ್ತೆ?”

ಅವರು ಕೂತಲ್ಲಿ ಕೂರಲಾರದೆ ಓಡಾಡುತ್ತಿದ್ದುದು ನಿಜ. ಐವತ್ತಕ್ಕೆ ನಿಂತಿದ್ದ ಮುಟ್ಟು ಅರವತ್ತಮೂರಕ್ಕೆ ಮತ್ತೆ ಕಾಣಿಸಿಕೊಂಡಿತ್ತು. ಈ ವಯಸ್ಸಲ್ಲಿ ಹೊರಗಾದೆನಲ್ಲ ಎಂದು ನಾಚಿ, ಮೂರು ದಿನ ಕಳೆಯಲಿ ಎಂದುಕೊಂಡರು. ಮೂರು ದಿನ ಕಳೆಯಿತು, ವಾರ ಕಳೆಯಿತು. ನಿಲ್ಲುವುದು, ಮತ್ತೆ ಶುರುವಾಗುವುದು. ಯಾರಿಗೂ ಹೇಳಲಿಲ್ಲ. ಕೊನೆಗೆ ಮಗ ಜಯಂತ್ ಮಂಡಿ ತೋರಿಸಲೆಂದು ಕ್ಲಿನಿಕ್ಕಿಗೆ ಕರೆದುಕೊಂಡು ಬಂದ.

ಒಳಗೆ ಬಂದವಳು ಮೇಗನ್ ಎಂಬ ನಗುಮುಖದ ಹುಡುಗಿ.

“ಡಾಕ್ಟರ್ ಅಲ್ಲಮ್ಮ, ಫಿಜಿಶಿಯನ್ ಅಸಿಸ್ಟೆಂಟ್. ಇಲ್ಲಿ ನೋಡೋದು, ಮಾತ್ರೆ ಬರೆಯೋದು ಎಲ್ಲ ಇವರೇ ಮಾಡ್ತಾರೆ” ಎಂದ ಜಯಂತ್.

“ಹಾಗಾದ್ರೆ ಕಾಂಪೌಂಡರ್ರೇನೋ?”

“ಅಯ್ಯೋ, ಮೆಲ್ಲಗೆ ಅನ್ನಮ್ಮ!”

“ಅವಳಿಗೇನು ಕನ್ನಡ ಬರುತ್ತಾ?”

ಮೇಗನ್ ಗಿಡ್ಡ ಸ್ಟೂಲೆಳೆದುಕೊಂಡು ಕೂತು ಹೊಸ ಪೇಷಂಟಿಗೆ ಕೇಳುವುದನ್ನೆಲ್ಲ ಕೇಳತೊಡಗಿದಳು. ಜಯಂತ್ ಕನ್ನಡಕ್ಕೆ ತಿರುಗಿಸುತ್ತ ಹೋದ. ಒಂದು ಕಡೆ ಅವಳು ಉದ್ದಕ್ಕೆ ಏನೋ ಕೇಳಿದಳು. ಜಯಂತನ ಕಿವಿ ಕೆಂಪಾಯಿತು.

“ನೋವು ಯಾವಾಗಿಂದ ಅಂತಮ್ಮ.”

ಅಷ್ಟುದ್ದದ ಪ್ರಶ್ನೆ ಇಷ್ಟೇ ಆಯಿತೇ ಎಂದು ಅನಸೂಯಮ್ಮನಿಗೆ ಅನ್ನಿಸಿತು. ಮೇಗನ್ನಿಗೂ ಅನ್ನಿಸಿರಬೇಕು. ಅವಳು ಜಯಂತನಿಗೆ ಬಾಗಿಲು ತೋರಿಸಿ, ಫೋನಿನ ಸ್ಪೀಕರ್ ಒತ್ತಿದಳು. ಹೆಣ್ಣು ದನಿಯೊಂದು ಕನ್ನಡದಲ್ಲಿ, “ನಮಸ್ಕಾರ ಅಮ್ಮ, ನಾನು ಅನುವಾದ ಮಾಡೋಳು” ಎಂದಿತು.

ಅನಸೂಯಮ್ಮ ಫೋನಿನಿಂದ ತುಸು ಹಿಂದೆ ಸರಿದರು. ಕನ್ನಡ ಸಂಘದವಳಾಗಿದ್ದರೆ? ನಾಳೆ ಹಬ್ಬದೂಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂತುಬಿಟ್ಟರೆ?

“ನೀನು ಎಲ್ಲಿಯವಳು ತಾಯಿ?”

“ಅದನ್ನ ಹೇಳೋ ಹಾಗಿಲ್ಲಮ್ಮ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ಇಲ್ಲಿ ಆಡಿದ ಮಾತು ಇಲ್ಲಿಗೇ ಮುಗೀತು.” ಆಮೇಲೆ ಮೇಗನ್ ಕೇಳಿದ ಪ್ರಶ್ನೆ ಅದೇ ದನಿಯಲ್ಲಿ ಬಂತು: “ಮುಟ್ಟು ನಿಂತ ಮೇಲೆ ಯಾವಾಗಲಾದರೂ ರಕ್ತ ಕಂಡಿದೆಯಾ?”

ಅನಸೂಯಮ್ಮ ಎದ್ದು ನಿಂತರು, ಸೆರಗು ಹೊದ್ದರು, ಮತ್ತೆ ಕೂತರು. ಮೇಗನ್ ಗಡಿಯಾರ ನೋಡದೆ ಕಾದಳು.

“ಮೂರು ತಿಂಗಳಾಯ್ತು” ಎಂದರು. ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. ಬಟ್ಟೆ ಕದ್ದುಮುಚ್ಚಿ ಒಗೆದದ್ದು, ಪಾರಾಯಣ ಬಿಟ್ಟದ್ದು, ಎಲ್ಲ ಬಂತು. “ಮಡಿ ಕೆಟ್ಟಿದೆ, ದೇವರ ಹತ್ರ ಹೋಗೋದು ಹೇಗೆ?”

ಮೇಗನ್ ಅವರ ಕೈ ಹಿಡಿದು ಹೇಳಿದಳು, ದನಿ ಅದನ್ನು ಕನ್ನಡಕ್ಕಿಳಿಸಿತು: “ದೇವರ ವಿಷಯ ನನಗೆ ಗೊತ್ತಿಲ್ಲ. ಆದರೆ ಇದು ಮುಟ್ಟಲ್ಲ. ಈ ವಯಸ್ಸಿನಲ್ಲಿ ರಕ್ತ ಬಂದರೆ ಕಾರಣ ಹುಡುಕಲೇಬೇಕು. ಸಣ್ಣದಿರಬಹುದು, ಕ್ಯಾನ್ಸರೂ ಇರಬಹುದು. ಸ್ಕ್ಯಾನ್ ಮಾಡಿ, ಗರ್ಭಕೋಶದಿಂದ ಚೂರು ತೆಗೆದು ನೋಡ್ತೀವಿ. ತಡ ಮಾಡಬಾರದು.”

ಮುಟ್ಟಲ್ಲ! ಮೈಲಿಗೆಯೆಂದು ಮೂರು ತಿಂಗಳು ಬಚ್ಚಿಟ್ಟದ್ದು ರೋಗವೇ? ನಾಚಿಕೆ ಹೋದ ಜಾಗಕ್ಕೆ ಭಯ ಬಂದು ಕೂತಿತು. ಆದರೆ ಭಯವನ್ನು ಹೇಳಿಕೊಳ್ಳಬಹುದು.

ಹೊರಗೆ ಜಯಂತ್ ಎದ್ದು ಬಂದ. “ಮಂಡಿಗೆ ಏನಂದ್ರಮ್ಮ?”

“ಮಂಡಿಗೇನೂ ಆಗಿಲ್ಲ. ನಂಗೆ ರಕ್ತ ಹೋಗ್ತಿದೆ ಕಣೋ, ಮೂರು ತಿಂಗಳಿಂದ. ಕ್ಯಾನ್ಸರ್ರಾ ಅಂತ ನೋಡ್ಬೇಕಂತೆ.”

“ಇಷ್ಟು ದಿನ ಯಾಕಮ್ಮ ಹೇಳಲಿಲ್ಲ?”

“ಅವಳು ಕೇಳಿದ್ದನ್ನ ನೀನು ಹೇಳಿದ್ಯಾ?”

ಜಯಂತ್ ತಾಯಿಯ ಕೈಯಿಂದ ಮೇಗನ್ ಸ್ಕ್ಯಾನಿಗೆ ಬರೆದುಕೊಟ್ಟ ಚೀಟಿ ತೆಗೆದುಕೊಂಡು ಕೌಂಟರಿಗೆ ನಡೆದ. ಅನಸೂಯಮ್ಮ ಹಿಂದೆಯೇ ಹೋಗಿ ಪಕ್ಕದಲ್ಲಿ ನಿಂತರು.

“ಎಲ್ಲಕ್ಕಿಂತ ಮೊದಲು ಸಿಗೋ ದಿನವೇ ಕೇಳು. ಏನಕ್ಕೆ ಅಂತ ಈ ಕೌಂಟರಿನ ಹುಡುಗಿ ಕೇಳಿದ್ರೆ, ಬಾಯಿ ಬಿಟ್ಟು ಹೇಳು.”