ಎಲ್ವಿರಾ ಅಜ್ಜಿಗೆ ಇಟ್ಟ ಕುಂಕುಮ

"ಮದುವೆ ಮಾತಿಗೆ ಕರೆಸಿ ಹೆಂಡದ ಬಾಟ್ಲಿಗೆ ಕುಂಕುಮ ಇಟ್ಟು ತೋರಿಸ್ತೀರೇನ್ರೀ? ಏನ್ ಮನೆತನಾರೀ ಇದು!"

"ಮನೆತನದ ಮಾತು ಎತ್ತಿದ್ರೆ ಸರಿ ಇರಲ್ಲ ಕಣಯ್ಯ!" ಎಂದು ನಾನೂ ಎದ್ದು ನಿಂತೆ.

ಕೂಗುತ್ತಿದ್ದವರು ಗುಬ್ಬಿಯ ವೆಂಕಟರಂಗಯ್ಯ, ನನ್ನ ಮಗಳು ಸಂಧ್ಯಾ ಮೆಚ್ಚಿದ್ದ ಚೈತನ್ಯನ ಸೋದರಮಾವ. ತಂದೆಯಿಲ್ಲದ ಆ ಮನೆಯಲ್ಲಿ ಅವರು ಹೇಳಿದ್ದೇ ಕೊನೆ. ಮದುವೆ ದಿನ ಗೊತ್ತು ಮಾಡಲೆಂದು ತಂಗಿಯನ್ನೂ ಚೈತನ್ಯನನ್ನೂ ಕರೆದುಕೊಂಡು ಅಮೃತೂರಿನ ನಮ್ಮ ಮನೆಗೆ ಬಂದಿದ್ದರು. ನನ್ನ ಸಿಟ್ಟಿಗೆ ಸಂಬಂಧ ಮುರಿದುಬೀಳುತ್ತದೆ ಎಂದು ಗೊತ್ತಿದ್ದೂ ನನ್ನ ಬಾಯಿ ನಿಲ್ಲಲಿಲ್ಲ.

ಬಾಟಲಿ ಹಿರಿಯರ ಪಟಗಳ ಸಾಲಿನಲ್ಲಿತ್ತು. ಸ್ಪೇನಿನ ಕೆಂಪು ವೈನ್. ಸಂಧ್ಯಾ ಕೆಲಸ ಮಾಡುವ ವಸಂತನರಸಾಪುರದ ಫ್ಯಾಕ್ಟರಿಗೆ ಮೆಷಿನ್ ಕೂರಿಸಲು ಬಂದಿದ್ದ ಇನೆಸ್ ಎಂಬ ಇಂಜಿನಿಯರ್ ಹೆಂಗಸು ಊರಿಗೆ ಹೊರಡುವಾಗ ಕೊಟ್ಟದ್ದು, ಅವರದೇ ತೋಟದ್ದು. ಬಾಟಲಿಗೆ ಅಂಟಿಸಿದ ಚೀಟಿಯ ಮೇಲೆ ತಲೆಗೆ ಬಟ್ಟೆ ಕಟ್ಟಿದ ಮುದುಕಿಯ ಚಿತ್ರ. ಹಿರಿಯರ ಹಬ್ಬದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ನಮ್ಮ ಪದ್ಧತಿ. ನಮ್ಮಪ್ಪನಿಗೆ ಬಾಡು, ಬೀಡಿ, ಒಂದು ಕ್ವಾರ್ಟರ್. ಈ ಸಲ ನಮ್ಮವ್ವ ಪುಟ್ಟತಾಯಮ್ಮ ಈ ಬಾಟಲಿಯನ್ನೇ ಇಟ್ಟಳು. ಮುದುಕಿಯ ಮುಖ ನೋಡಿ, ಇವಳೂ ಯಾರದೋ ಮನೆಯ ಹಿರಿಯಳಲ್ಲವೇ ಎಂದು ಅವಳ ಹಣೆಗೂ ಕುಂಕುಮವಿಟ್ಟು ಧೂಪ ಹಾಕಿದಳು. ಆಮೇಲೆ ಬಾಟಲಿಯ ಮುಚ್ಚಳ ಬಿಚ್ಚಲು ಯಾರಿಗೂ ಧೈರ್ಯವಾಗಲಿಲ್ಲ.

"ಅದನ್ನ ತಿಪ್ಪೆಗೆ ಎಸೀರಿ. ಇಲ್ಲಾಂದ್ರೆ ಸಂಬಂಧ ಬೇಡ" ಎಂದರು ವೆಂಕಟರಂಗಯ್ಯ.

ಸಂಧ್ಯಾ ಅಡುಗೆಮನೆಯಿಂದ ಬಂದಳು. "ಎಸೆಯಲ್ಲ. ನಮ್ಮಜ್ಜಿ ಕುಂಕುಮ ಇಟ್ಟವ್ರೆ."

ಚೈತನ್ಯನ ತಾಯಿ ವನಜಾಕ್ಷಿ ಕೇಳಿದರು: "ಯಾರಮ್ಮ ಆ ಮುದುಕಿ?"

"ಎಲ್ವಿರಾ ಅಂತ, ಇನೆಸ್ ಮುತ್ತಜ್ಜಿ. ಆಗ ಹುಳ ಬಿದ್ದು ದ್ರಾಕ್ಷಿ ತೋಟವೆಲ್ಲ ಬೇರಿಂದ್ಲೇ ಸತ್ತೋಯ್ತಂತೆ. ಗಂಡ ಇರ್ಲಿಲ್ಲ. ತೋಟ ಮಾರ್ಬಿಟ್ಟು ಬಾ ಅಂದ್ರಂತೆ ಅಣ್ಣತಮ್ಮಂದಿರು. ಇವ್ರು ಹುಳಕ್ಕೆ ಜಗ್ಗದ ಬಳ್ಳಿ ಬೇರೆ ದೇಶದಿಂದ ತರ್ಸಿ, ಅಂಗಳದಲ್ಲಿ ಉಳಿದಿದ್ದ ಒಂದೇ ಹಳೇ ಬಳ್ಳಿಯ ಕಡ್ಡಿ ಕುಯ್ದು ಕಸಿ ಕಟ್ಟಿದ್ರಂತೆ. ಈಗಿನ ತೋಟವೆಲ್ಲ ಆ ಕಡ್ಡಿಯಿಂದ ಬಂದಿದ್ದು."

"ಮಾವಿಗೆ ಕಟ್ದಂಗೆ" ಎಂದಳು ಅವ್ವ, ನನ್ನ ಕಡೆ ತಿರುಗಿ. "ನಮ್ಮನೆ ಗಂಡಸ್ರು ಕಟ್ಟಿದ್ದು ಒಂದಾದ್ರೂ ಹಿಡಿತಾ?"

ವೆಂಕಟರಂಗಯ್ಯನವರೊಬ್ಬರನ್ನು ಬಿಟ್ಟು ಎಲ್ಲರೂ ನಕ್ಕರು. ವನಜಾಕ್ಷಿ ಬಾಟಲಿಯ ಹತ್ತಿರ ಹೋಗಿ ನಿಂತರು. "ಫಲ ಬರೋಕೆ ಎಷ್ಟು ವರ್ಷ ಆಯ್ತಂತೆ?"

"ನಾಕಂತೆ."

"ನನ್ನ ತೆಂಗಿಗೆ ಆರಾಯ್ತು ಕಣಮ್ಮ. ನಂಗೂ ಮಾರು ಅಂದಿದ್ರು."

ಅಂದವರು ಯಾರೆಂದು ವೆಂಕಟರಂಗಯ್ಯನವರ ಮುಖವೇ ಹೇಳಿತು. "ಬಾರೇ ವನಜಾ, ಹೊರಡು!"

"ಊಟ ಮಾಡ್ಕೊಂಡ್ ಬರ್ತೀನಿ ಅಣ್ಣ. ನೀನೂ ಕೂತ್ಕೊ, ಒಬ್ಬಟ್ಟು ಮಾಡವ್ರೆ."

"ಹೋದ್ರೆ ನಾನು ಈ ಮನೆ ಹೊಸ್ತಿಲು ಮತ್ತೆ ತುಳಿಯಲ್ಲ!"

"ಬಿಸಿಲಲ್ಲಿ ಚಪ್ಪಲಿ ಕಾದಿರ್ತವೆ, ನೋಡ್ಕೊಂಡು ಹಾಕ್ಕೊ."

ನಾನು ಜಗಲಿಯವರೆಗೆ ಓಡಿದೆ. "ತಪ್ಪಾಯ್ತು, ಬನ್ನಿ, ದೊಡ್ಡೋರು ನೀವು" ಎಂದು ಕೈಮುಗಿದೆ. ಹುಟ್ಟಿದಾಗಿನಿಂದ ನಾನು ಯಾರಿಗೂ ಹಾಗೆ ಅಂದವನಲ್ಲ. ಅವರು ತಿರುಗಿಯೂ ನೋಡದೆ ಕಾರು ಹತ್ತಿದರು.

"ಕಾರ್ ತಗೊಂಡ್ ಹೋದ್ರಲ್ಲಮ್ಮ!" ಎಂದ ಚೈತನ್ಯ.

"ಬಸ್ ಇಲ್ವೇನ್ಲಾ? ಮೊದ್ಲು ಎಲೆ ಮುಂದೆ ಕೂತ್ಕೊ. ಮಾಘದಲ್ಲಿ ಇಟ್ಕೊಳ್ಳೋಣ ಅಲ್ವೇನ್ರೀ?" ಎಂದು ವನಜಾಕ್ಷಿ ನನ್ನನ್ನು ಕೇಳಿದರು. "ಮಾಘಾನೇ ಆಗ್ಲಿ" ಎಂದು ನಾನೇ ಒಬ್ಬಟ್ಟಿನ ತಟ್ಟೆ ತರಲು ಓಡಿದೆ.

ವೆಂಕಟರಂಗಯ್ಯನವರಿಗೂ ಒಂದು ಎಲೆ ಹಾಕಿ ಬಡಿಸಿದೆವು. ಮಜ್ಜಿಗೆ ಬರುವವರೆಗೂ ಕಾದೆವು. ಅವರು ಬರಲಿಲ್ಲ. ಅವರ ಒಬ್ಬಟ್ಟನ್ನು ಚೈತನ್ಯನೇ ತಿಂದ.