ಮೂನ್‌ಸ್ಟೋನ್ ಒಡೆದವನು

ಬಸವಪ್ರಭುವಿನ ಮಾನ ಹರಾಜು ಹಾಕಲೆಂದೇ ಶಿವರಂಜಿನಿ ಚಾಮರಾಜಪೇಟೆಯ ಅವನ ಒಡವೆ ಅಂಗಡಿಗೆ ಬಂದಿದ್ದಳು. ಗಿರಾಕಿಗಳು ತುಂಬಿರಲಿ ಎಂದು ಶನಿವಾರ ಸಂಜೆಯನ್ನೇ ಆರಿಸಿಕೊಂಡಿದ್ದಳು.

ಇಪ್ಪತ್ತು ವರ್ಷದ ಹಿಂದೆ ಅವಳ ಅಪ್ಪ ಸಿದ್ದಬಸಪ್ಪ ಇದೇ ಅಂಗಡಿಯಲ್ಲಿ ಉಂಗುರಗಳಿಗೆ ಕಲ್ಲು ಕೂರಿಸುತ್ತಿದ್ದ. ಒಂದು ದಿನ ಗಿರಾಕಿಯೊಬ್ಬರ ಮೂನ್‌ಸ್ಟೋನ್ ಎರಡು ಹೋಳಾಯಿತು. ಒಡವೆ ತೊಳೆಯಲು ಹೊಸದಾಗಿ ತಂದಿದ್ದ, ಗುಂಯ್ ಎಂದು ನೀರು ನಡುಗಿಸುವ ಮೆಷಿನ್ನಿಗೆ ಅದನ್ನು ಹಾಕಿದವನು ಬಸವಪ್ರಭು. ಬೈಗುಳ ತಿಂದವನು ಸಿದ್ದಬಸಪ್ಪ. ಕುಡಿದು ಬಂದು ಸುತ್ತಿಗೆಯೇಟು ಹಾಕಿದ್ದಾನೆಂದು ಗಿರಾಕಿಗಳೆದುರೇ ಬಸವಪ್ರಭು ಅವನನ್ನು ಹೊರಗಟ್ಟಿದ. ಲಿಂಗಪೂಜೆಯಾಗದೆ ಕಾಫಿಯನ್ನೂ ಕುಡಿಯದ ಮನುಷ್ಯ ಅವನು! ಆಮೇಲೆ ಪೇಟೆಯಲ್ಲಿ ಒಬ್ಬನೂ ಅವನ ಕೈಗೆ ಕಲ್ಲು ಕೊಡಲಿಲ್ಲ. ಕಲಾಸಿಪಾಳ್ಯದಲ್ಲಿ ಆರು ವರ್ಷ ಈರುಳ್ಳಿ ಮೂಟೆ ಹೊತ್ತು ತೀರಿಕೊಂಡ.

ಮಗಳು ಹಲ್ಲು ಕಚ್ಚಿ ಕಲ್ಲುಗಳನ್ನೇ ಓದಿದಳು. ಮಲ್ಲೇಶ್ವರಂನಲ್ಲಿ ರತ್ನ ಪರೀಕ್ಷೆಯ ಪುಟ್ಟ ಲ್ಯಾಬ್ ಇಟ್ಟಳು. ಮೂನ್‌ಸ್ಟೋನ್ ಫೆಲ್ಡ್‌ಸ್ಪಾರ್ ಜಾತಿಯ ಕಲ್ಲು, ಆ ಜಾತಿಯೇ ಪದರದ ಗುಂಟ ಸೀಳುವಂಥದ್ದು, ಮೆಷಿನ್ನಿನ ನಡುಕ ಅದಕ್ಕಾಗದು ಎಂದು ತಿಳಿದ ದಿನ ಅಪ್ಪನ ಫೋಟೋದ ಮುಂದೆ ಕೂತು ಅತ್ತಿದ್ದಳು.

ಈಗ ಅವಳು ಮೂರು ಉಂಗುರಗಳನ್ನು ಗಾಜಿನ ಮೇಲಿಟ್ಟಳು. ಹಾಲುಬಣ್ಣದ ಮೂನ್‌ಸ್ಟೋನ್, ಓರೆ ಮಾಡಿದರೆ ನೀಲಿ ಮಿಂಚುವ ಲ್ಯಾಬ್ರಡೊರೈಟ್, ಕೆಂಪಗೆ ಹೊಳೆಯುವ ಸನ್‌ಸ್ಟೋನ್. ಒಳಗೆ ಸಣ್ಣ ಬಿರುಕಿರುವಂಥವನ್ನೇ ಹುಡುಕಿ ತಂದಿದ್ದಳು. ಮೆಷಿನ್ನಿನಲ್ಲಿ ತೊಳೆದುಕೊಡಿ ಎಂದಳು. ಈ ದಡ್ಡ ಎಲ್ಲರೆದುರು ತನ್ನ ಕೈಯಾರೆ ಒಡೆಯಲಿ, ಆಮೇಲೆ ಅಪ್ಪನ ಹೆಸರು ಹೇಳುತ್ತೇನೆ ಎಂಬುದು ಅವಳ ಲೆಕ್ಕಾಚಾರ.

ಬಸವಪ್ರಭು ಅವಳ ಗುರುತು ಹಿಡಿಯಲಿಲ್ಲ. ಭೂತಗನ್ನಡಿಯಲ್ಲಿ ನೋಡಿ ಉಂಗುರಗಳನ್ನು ಹಿಂದಕ್ಕೆ ಸರಿಸಿದ.

"ಇವನ್ನ ಮೆಷಿನ್ನಿಗೆ ಹಾಕಬಾರ್ದಮ್ಮ. ಮೂರೂ ಒಂದೇ ಜಾತಿ, ಸೀಳ್ಬಿಡ್ತವೆ."

ಶಿವರಂಜಿನಿಯ ಲೆಕ್ಕ ತಪ್ಪಿತು. ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಅವನು ಪಕ್ಕದ ಗಿರಾಕಿಗಳಿಗೂ ಕೇಳುವಂತೆ ಜಂಬದಿಂದ ನಕ್ಕ.

"ಮೆಷಿನ್ ತಂದ ಹೊಸದ್ರಲ್ಲಿ ನಾನೇ ಒಂದು ಮೂನ್‌ಸ್ಟೋನ್ ಒಡೆದಿದ್ದೆ. ಅವತ್ತೇ ಕಲಿತ್ಕೊಂಡೆ."

ಅವತ್ತೇ! ಹಾಗಾದರೆ ಇವನು ದಡ್ಡನಲ್ಲ. ಅಪ್ಪ ಬೆನ್ನು ಬಗ್ಗಿಸಿ ಮೂಟೆ ಹೊತ್ತ ಆರು ವರ್ಷವೂ ಇವನಿಗೆ ಎಲ್ಲ ಗೊತ್ತಿತ್ತು. ಇಷ್ಟು ವರ್ಷದ ಸಿಟ್ಟು ಅವಳಿಗೆ ಸಾಲದೆನಿಸಿತು.

"ಒಡೆದಿದ್ದು ನೀವು. ಕುಡುಕ ಅಂತ ಓಡಿಸಿದ್ದು ನಮ್ಮಪ್ಪ ಸಿದ್ದಬಸಪ್ಪನವರನ್ನ," ಎಂದಳು. "ಈಗ ಹೇಳಿದ್ರಲ್ಲ, ಅದನ್ನೇ ಅವರ ಹೆಸರು ಸೇರಿಸಿ ಹೇಳಿ."

ಬಳೆ ಮಾಡಿಸಲು ಬಂದಿದ್ದ ಗೋದಾ ಎಂಬ ಹಿರಿಯರು ತಮ್ಮ ಹಳೇ ಚಿನ್ನವನ್ನು ತಕ್ಕಡಿಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡರು. ಅದನ್ನು ಕಂಡ ಬಸವಪ್ರಭು ಬೆವರೊರೆಸಿಕೊಂಡ. ಕಲ್ಲು ಒಡೆದದ್ದು ತಾನು, ಸಿದ್ದಬಸಪ್ಪನ ತಪ್ಪೇನೂ ಇರಲಿಲ್ಲ ಎಂದು ಗಂಟಲಲ್ಲೇ ಗೊಣಗಿದ. ಜೋರಾಗಿ ಹೇಳಿ ಎಂದಳು ಅವಳು. ಎರಡನೇ ಸಲ ಬಾಗಿಲಿನವರೆಗೂ ಕೇಳಿಸಿತು. ಮೂರನೇ ಸಲ ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು.

ಶಿವರಂಜಿನಿ ಕುರ್ಚಿ ಎಳೆದುಕೊಂಡು ಕೂತಳು.

"ಇನ್ನೊಂದ್ಸಲ," ಎಂದಳು.